ಹಸು ಇಲ್ಲದ ಮನೆ

ದೊಡ್ಡ ಮಗಳು ಅರ್ಚನಳನ್ನು ನೋಡಲು ಗಂಡಿನವರು ಬಂದಿದ್ದಾಗ ಗಂಗರತ್ನಮ್ಮನ ಮನೆಗೆ ಪಕ್ಕದ ಮನೆಯ ಸೋಫಾ ಬಂದಿತ್ತು, ಎದುರು ಮನೆಯ ಫ್ರಿಜ್ಜೂ ಬಂದಿತ್ತು. ಫ್ರಿಜ್ಜಿಗೆ ಹೊಂದುವ ಪ್ಲಗ್ಗು ಗೋಡೆಯಲ್ಲಿರಲಿಲ್ಲ. ಪಾಪ, ಅದು ಸುಮ್ಮನೆ ನಿಂತೇ ಮನೆಯ ಮರ್ಯಾದೆ ಕಾಪಾಡಿತು. ಬೇತಮಂಗಲದ ಸುತ್ತಿನ ಊರುಗಳಲ್ಲಿ ಇದನ್ನು ಯಾರೂ ಸುಳ್ಳು ಎನ್ನುವುದಿಲ್ಲ. ನೋಡಲು ಬಂದವರ ಮನೆಯ ಟೀವಿಯೂ ಎರವಲಿನದೇ ಆಗಿರುತ್ತದೆ.

ಹಾಗಾಗಿ ಕಿರಿಯ ಮಗಳು ನವ್ಯಶ್ರೀಯ ಓದಿನ ವಿಚಾರಕ್ಕೆ, ಬಡ ಮಕ್ಕಳ ಫೀಸು ಕಟ್ಟುವ ಟ್ರಸ್ಟಿನವರು ಮನೆ ನೋಡಲು ಬರುತ್ತಾರೆಂದು ತಿಳಿದಾಗ ಮನೆಯವರಿಗೆ ಕೆಲಸ ಹೊಸದೇನಾಗಿರಲಿಲ್ಲ. ಈ ಸಲ ಸಾಮಾನು ತರಿಸುವ ಬದಲು ಸಾಗಿಸಬೇಕಿತ್ತು, ಅಷ್ಟೇ. ಹಾಗೆಂದು ತಲೆ ಓಡಿಸಿದವಳು ನವ್ಯಶ್ರೀಯೇ.

ಅವಳಿಗೆ ಬೆಂಗಳೂರಿನ ಖಾಸಗಿ ಲಾ ಕಾಲೇಜೊಂದರಲ್ಲಿ ಸೀಟು ಸಿಕ್ಕಿತ್ತು. ರಾಬರ್ಟ್‌ಸನ್‌ಪೇಟೆಯಲ್ಲಿ ಪಿಯುಸಿ ಓದುವಾಗ ಬಸ್ಸಿಗೆ ಕಾಯುತ್ತ, ಕರಿ ಕೋಟು ಮಡಚಿ ತೋಳಿಗೆ ಹಾಕಿಕೊಂಡು ನಡೆಯುವ ಹೆಂಗಸರನ್ನು ನೋಡೀ ನೋಡೀ ಹಿಡಿದ ಹುಚ್ಚು ಅದು. ಆ ಕಾಲೇಜು ಬಿಟ್ಟರೆ ಇನ್ನೊಂದು ಅವಳ ಮನಸ್ಸಿಗೆ ಬರುತ್ತಿರಲಿಲ್ಲ. ಪೇಟೆ ಮಾರ್ಕೆಟ್ಟಿನಲ್ಲಿ ಮೂಟೆ ಇಳಿಸುವ ಅಪ್ಪ ಮುನಿಸ್ವಾಮಪ್ಪ ಫೀಸು ಎಷ್ಟೆಂದು ಕೇಳಿ, "ವರ್ಸಕ್ಕಾ? ಪೂರ್ತಿ ಓದ್ಗಾ?" ಅಂದಿದ್ದ. ವರ್ಷಕ್ಕೆ ಎಂದು ಗೊತ್ತಾದ ಮೇಲೆ ಟವೆಲ್ಲು ಹೆಗಲಿಗೆ ಹಾಕಿಕೊಂಡು ಮಾರ್ಕೆಟ್ಟಿಗೆ ಹೊರಟುಬಿಟ್ಟ. ಅರ್ಧ ಫೀಸನ್ನು ಟ್ರಸ್ಟಿನವರು ಕಟ್ಟಿದರೆ, ಉಳಿದರ್ಧಕ್ಕೆ ಗಂಗರತ್ನಮ್ಮ ಡೈರಿಗೆ ಹಾಕುವ ಹಾಲಿತ್ತು. ಆ ಹಾಲು ಕೊಡುತ್ತಿದ್ದದ್ದು ಹಣೆಯ ಮೇಲೆ ಬಿಳಿ ಮಚ್ಚೆಯ ಸೀಮೆ ಹಸು, ಚುಕ್ಕಿ.

"ಚುಕ್ಕೀನ ಬೇತಮಂಗಲಕ್ಕೆ ಮಾವನ ಮನೆಗೆ ಒಡ್ಕೊಂಡೋಗಿ ಕಟ್ಬಿಡಮ್ಮ," ಎಂದಳು ನವ್ಯಶ್ರೀ. "ನನ್ ಜೊತೆ ಓದಿದ್ಳಲ್ಲ ಸಹನ, ಅವ್ರ ಮನೇಲಿ ಒಸ ಬೈಕ್ ಕಂಡಿದ್ದಕ್ಕೇ ಟ್ರಸ್ಟಿನೋರು ಇಲ್ಲ ಅಂದ್ರಂತೆ. ಇಂಥ ಅಸು ನೋಡಿದ್ರೆ ನಮ್ಮನ್ನ ಸಾವ್ಕಾರ್ರು ಅಂದ್ಕೋತಾರೆ."

ಗಂಗರತ್ನಮ್ಮನ ಮುಖ ಸಣ್ಣಗಾಯಿತು. "ಅದು ನನ್ ಕೈಗೆ ಬಿಟ್ರೆ ಯಾರಿಗೂ ಸೊರೆ ಬಿಡಲ್ಲ, ಆಲು ಇಳಿಸಲ್ಲ ಕಣೇ. ಆಲು ಕೆಚ್ಚಲಲ್ಲೇ ನಿಂತೋದ್ರೆ ಬಾವು ಬತ್ತದೆ."

"ಒಂದೊತ್ತು ಅಮ್ಮ. ಮಧ್ಯಾಹ್ನ ಬಂದು ನೋಡ್ಕೊಂಡು ಓಯ್ತಾರೆ, ಸಾಯಂಕಾಲಕ್ಕೆ ನಿನ್ ಅಸು ನಿನ್ನ ಮುಂದೆ."

ಬೆಳಗಿನ ಹಾಲು ಕರೆದಾದ ಮೇಲೆ ಚುಕ್ಕಿ ಊರು ಬಿಟ್ಟಿತು. ಕೊಟ್ಟಿಗೆ ಗುಡಿಸಿ ಸೌದೆ ಒಟ್ಟಿದರು. ಟೀವಿ ಎದುರು ಮನೆಗೆ ಹೋಯಿತು. ಎಲ್ಲ ಮುಗಿಸಿ ಕಾದು ಕೂತರೆ ಮಧ್ಯಾಹ್ನ ಫೋನು ಬಂತು: ಇವತ್ತು ಆಗುವುದಿಲ್ಲ, ನಾಳೆ ಬರುತ್ತೇವೆ.

ಗಂಗರತ್ನಮ್ಮ ಆ ಕ್ಷಣವೇ ಸೀರೆ ಬದಲಿಸಿ ಬಸ್ಸಿಗೆ ಹೊರಟಳು. ನವ್ಯಶ್ರೀ ಬಾಗಿಲಿಗೆ ಅಡ್ಡ ನಿಂತಳು. ಬೆಳಿಗ್ಗೆ ಬೇಗ ಬಂದುಬಿಟ್ಟರೆ? ಅಮ್ಮ ಮನೆಯಲ್ಲಿಲ್ಲದಿದ್ದರೆ ಏನಂದುಕೊಳ್ಳುತ್ತಾರೆ? ಹಾಲು ಕರೆಯುವಷ್ಟರಲ್ಲಿ ಕೊನೆ ಬಸ್ಸು ಹೋಗಿ ರಾತ್ರಿ ಅಲ್ಲೇ ಉಳಿದು, ನಾಳೆ ಮೊದಲ ಬಸ್ಸು ಸಿಗದಿದ್ದರೆ?

"ಮಾವ ಕರೀತಾರೆ ಬಿಡಮ್ಮ. ಅವ್ರೇನು ಅಸು ಕಾಣ್ದವ್ರಾ? ನಂಗಿಂತ ನಿಂಗೆ ಆ ಅಸುನೇ ಎಚ್ಚಾಯ್ತಾ?"

ಆ ಮಾತು ಆಡಬಾರದಿತ್ತು. ಆಡಿದ ಕೂಡಲೇ ಅದು ಅವಳಿಗೂ ತಿಳಿಯಿತು, ಆದರೆ ವಾಪಸ್ಸು ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡರೆ ಅಮ್ಮ ಬಸ್ಸು ಹತ್ತಿಬಿಡುತ್ತಾಳೆಂಬ ಭಯ. ಗಂಗರತ್ನಮ್ಮ ಉಟ್ಟ ಸೀರೆಯಲ್ಲೇ ಜಗುಲಿಯ ಮೇಲೆ ಕೂತಳು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಟ್ರಸ್ಟಿನ ಶಶಿರೇಖ ಮೇಡಂ ಬಂದರು. ನವ್ಯಶ್ರೀ ಎಷ್ಟು ಹೆದರಿದ್ದಳೋ ಅವರು ಅಷ್ಟೇ ಒಳ್ಳೆಯವರು. ಚಾಪೆಯ ಮೇಲೆ ಕಾಲು ಮಡಚಿ ಕೂತರು, ಪಕ್ಕದ ಮನೆಯ ಹಾಲಿನಲ್ಲಿ ಮಾಡಿದ ಟೀ ಕುಡಿದು ಚೆನ್ನಾಗಿದೆ ಎಂದರು. ವಕೀಲಿಕೆ ಯಾಕೆ ಎಂದು ಕೇಳಿದಾಗ ನವ್ಯಶ್ರೀ ಬಾಯಿಪಾಠ ಮಾಡಿಕೊಂಡಿದ್ದನ್ನೆಲ್ಲ ಮರೆತು ಮನಸ್ಸಿನಲ್ಲಿದ್ದದ್ದನ್ನೇ ಹೇಳಿದಳು. ಅವರು ತಲೆದೂಗಿದರು. ಆಮೇಲೆ ಗಂಗರತ್ನಮ್ಮನ ಕಡೆ ತಿರುಗಿದರು.

"ಹಿಂದ್ಗಡೆ ಕೊಟ್ಟಿಗೆ ಇದೆಯಲ್ಲಮ್ಮ. ಹಸು ಇಲ್ವಾ?"

ಆ ಪ್ರಶ್ನೆಗೆ ಉತ್ತರ ನವ್ಯಶ್ರೀಯ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಆದರೆ ಕೇಳಿದ್ದು ಅವಳನ್ನಲ್ಲ.

"ಇತ್ತಮ್ಮ," ಎಂದಳು ಗಂಗರತ್ನಮ್ಮ.

"ಮಾರಿಬಿಟ್ರಾ?"

ಗಂಗರತ್ನಮ್ಮ ಮಗಳ ಮುಖ ನೋಡಿದಳು. "ಊಂ. ಮಗೂ ಓದ್ಗೆ ಅಂತ ಮಾರ್ಬಿಟ್ವಿ."

ಹಾಲಿಗೆ ಒಂದು ಹನಿ ನೀರು ಬೆರೆಸದ ಹೆಂಗಸು. ಡೈರಿಯಲ್ಲಿ ಯಾರದೋ ಲೆಕ್ಕದ ಹಾಲಿನ ದುಡ್ಡು ತನ್ನ ಹೆಸರಿಗೆ ಬಂದರೆ ಓಡಿಹೋಗಿ ವಾಪಸ್ಸು ಕೊಟ್ಟು ಬರುವವಳು. ಈಗ ತಲೆ ತಗ್ಗಿಸಿ ಟೀ ಲೋಟ ಎತ್ತಿಕೊಂಡು ಒಳಗೆ ಹೋದಳು. ನವ್ಯಶ್ರೀಗೆ ನಾಚಿಕೆಯಾಯಿತು. ತಾನು ಹೇಳಬೇಕಿದ್ದ ಸುಳ್ಳನ್ನು ಅಮ್ಮನ ಬಾಯಲ್ಲಿ ಹೇಳಿಸಿದ್ದೆ ಅನ್ನಿಸಿತು. ಆದರೂ, ನಿಜ ಹೇಳಬೇಕೆಂದರೆ, ಆ ನಾಚಿಕೆಯ ಅಡಿಯಲ್ಲಿ ಒಂದು ಸಣ್ಣ ಸಮಾಧಾನವೂ ಇತ್ತು.

ಮೇಡಂ ಕಾರು ತಿರುಗಿದ್ದೇ ತಡ, ತಾಯಿ ಮಗಳು ಬೇತಮಂಗಲದ ಬಸ್ಸು ಹತ್ತಿದರು. ಮಾವ ಮುನಿನಾರಾಯಣಪ್ಪ ಬಾಗಿಲಲ್ಲೇ ನಿಂತಿದ್ದ.

"ಒದ್ಬಿಡ್ತು ಕಣಕ್ಕ. ನಾನು, ನನ್ ಎಂಡ್ತಿ, ಯಾರು ಕೂತ್ರೂ ಆಲೇ ಬಿಡ್ಲಿಲ್ಲ. ಫೋನ್ ಮಾಡೋವ ಅಂದ್ಕೊಂಡೆ. ಪಾಪಂದು ಕಾಲೇಜು ಇಚಾರ, ಯಾಕೆ ಗಾಬ್ರಿ ಮಾಡೋದು ಅಂತ ಸುಮ್ಕಾದೆ."

ಚುಕ್ಕಿ ಕಾಲು ಅಗಲಿಸಿಕೊಂಡು ನಿಂತಿತ್ತು. ಕೆಚ್ಚಲು ಕೆಂಪಾಗಿ ಬಿಗಿದು, ಮುಟ್ಟಿದರೆ ಸುಡುತ್ತಿತ್ತು. ಗಂಗರತ್ನಮ್ಮನ ದನಿ ಕೇಳಿ ತಿರುಗಿ ನೋಡಿತು. ಅವಳು ಕೂತು ಕೈ ಹಾಕಿದಾಗ ಒದೆಯಲಿಲ್ಲ, ಅಷ್ಟು ನೋವಿನಲ್ಲೂ ಸೊರೆ ಬಿಟ್ಟಿತು. ಬಂದದ್ದು ಹಾಲಲ್ಲ, ರಕ್ತ ಬೆರೆತ ಹೆಪ್ಪು. ಗಂಗರತ್ನಮ್ಮ ಅಳುತ್ತಲೇ ಕರೆದಳು. ನವ್ಯಶ್ರೀ ಪಕ್ಕದಲ್ಲಿ ನಿಂತು, ನಿನ್ನೆ ಬಾಗಿಲಿಗೆ ಅಡ್ಡ ನಿಂತ ತನ್ನ ಕಾಲುಗಳನ್ನು ನೋಡಿಕೊಂಡಳು.

ದನದ ಡಾಕ್ಟರು ಬಂದು ಸೂಜಿ ಹಾಕಿ, ನಿನ್ನೆಯೇ ಕರೆದಿದ್ದರೆ ಬೇರೆ ಮಾತು ಎಂದರು. ಜ್ವರ ಇಳಿಯಿತು, ಚುಕ್ಕಿ ಉಳಿದು ಮನೆಗೆ ಮರಳಿತು. ಎರಡು ಮೊಲೆ ಮಾತ್ರ ಬತ್ತಿಹೋದವು. ಉಳಿದೆರಡರ ಹಾಲು ಅದರ ಹಿಂಡಿಯ ಖರ್ಚಿಗೇ ಸರಿಹೋಯಿತು.

ಅಮ್ಮ ಒಂದು ಬೈಗುಳ ಬೈದಿದ್ದರೆ ನವ್ಯಶ್ರೀಗೆ ಎಷ್ಟೋ ವಾಸಿಯೆನಿಸುತ್ತಿತ್ತು. ಗಂಗರತ್ನಮ್ಮ ಬೈಯಲಿಲ್ಲ. ಉಳಿದರ್ಧ ಫೀಸಿಗೆಂದು, ಬಂಗಾರಪೇಟೆ ಕಡೆಯ ಗಾರ್ಮೆಂಟ್ಸಿಗೆ ಹೋಗುವ ವ್ಯಾನಿನವನಿಗೆ ಹೇಳಿಟ್ಟಳು. ಈ ವಯಸ್ಸಿನಲ್ಲಿ ಹೊಸದಾಗಿ ಹೊಲಿಗೆ ಮಿಶಿನ್ನು ತುಳಿಯುವುದನ್ನು ಎದುರು ಮನೆಯಲ್ಲಿ ಕಲಿಯತೊಡಗಿದಳು. ಅದನ್ನು ನೋಡಲಾಗದೆ ನವ್ಯಶ್ರೀ ಒಂದು ಬೆಳಿಗ್ಗೆ ಫೋನು ಕೈಗೆತ್ತಿಕೊಂಡಳು.

"ಮೇಡಂಗೆ ನಿಜ ಏಳ್ಬಿಡ್ತೀನಮ್ಮ. ನನ್ ಕೈಲಿ ತಡ್ಕೊಳ್ಳೋಕಾಗ್ತಿಲ್ಲ."

"ಏಳಿದ್ರೆ ನಿಂಗೆ ಅಗುರಾಗ್ತದೆ," ಎಂದಳು ಗಂಗರತ್ನಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. "ನಂಗೆ? ಅಸೂನೂ ಓಯ್ತು, ಸೀಟೂ ಓಯ್ತು ಅಂತ ಆಗ್ತದೆ. ಚುಕ್ಕಿ ಸುಮ್ಸುಮ್ನೆ ನೋವು ತಿಂದಂಗಾಗ್ಬಾರ್ದು. ಮಡಗು ಫೋನು."

ನವ್ಯಶ್ರೀ ಫೋನು ಕೆಳಗಿಟ್ಟಳು. ತಾನು ಹುಡುಕುತ್ತಿದ್ದದ್ದು ಸತ್ಯವನ್ನಲ್ಲ, ನೆಮ್ಮದಿಯನ್ನು ಎಂಬುದು ಅಮ್ಮನಿಗೆ ತನಗಿಂತ ಮೊದಲೇ ತಿಳಿದಿತ್ತು.

ಆ ವಾರದಲ್ಲೇ ಶಶಿರೇಖ ಮೇಡಂ ತಾವಾಗಿ ಫೋನು ಮಾಡಿದರು. ಅರ್ಧ ಫೀಸು ಮಂಜೂರಾಗಿತ್ತು, ಕೋರ್ಸು ಮುಗಿಯುವವರೆಗೂ.

"ನಿಮ್ಮ ತಾಯಿ ಓದಿಗೋಸ್ಕರ ಹಸು ಮಾರಿದ ವಿಷಯ ನಾನು ಹೇಳಿದ ಕೂಡಲೇ ಕಮಿಟಿಯಲ್ಲಿ ಎಲ್ಲರೂ ಒಪ್ಪಿಬಿಟ್ಟರಮ್ಮ. ಅಂಥ ತಾಯಿಗೆ ಒಳ್ಳೆ ಮಗಳಾಗಬೇಕು ನೀನು."

ನವ್ಯಶ್ರೀ ಬಾಯಿ ತೆರೆದಳು. ಎದುರಿಗೆ ಅಮ್ಮ, ಕಣ್ಣು ಮಿಟುಕಿಸದೆ ಅವಳ ತುಟಿಯನ್ನೇ ನೋಡುತ್ತಿದ್ದಳು.

"ತುಂಬ ಥ್ಯಾಂಕ್ಸ್ ಮೇಡಂ," ಎಂದಳು ನವ್ಯಶ್ರೀ.

"ಏನಂದ್ರು? ಏಳೇ!"

"ಸಿಕ್ತಮ್ಮ."

ಗಂಗರತ್ನಮ್ಮನ ಮುಖ ಅರಳಿತು. ಎಲ್ಲೂ ಒಂದಿಷ್ಟು ಆಕ್ಷೇಪವಿಲ್ಲದ, ಪೂರ್ತಿ ಸಂತೋಷದ ಮುಖ. ಮಗಳ ಗಲ್ಲ ಸವರಿ ನೆಟಿಗೆ ಮುರಿದಳು. "ತಡಿ, ಚುಕ್ಕಿಗೂ ಏಳ್ತೀನಿ," ಎಂದು ಹಿತ್ತಲಿಗೆ ಓಡಿದಳು. ಕೊಟ್ಟಿಗೆಯಿಂದ ಅವಳ ಮಾತು ಕೇಳಿಸುತ್ತಿತ್ತು. ಅಲ್ಲಿಗೆ ಹೋಗುವ ಧೈರ್ಯ ನವ್ಯಶ್ರೀಗೆ ಬರಲಿಲ್ಲ.