ಮೀಟರಿನ ವಾರ

2024ರ ಏಪ್ರಿಲ್ 23, ಮಂಗಳವಾರ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ.

“ಸ್ವಿಚ್ಚಿಗೆ ಕೈ ಹಚ್ಚಿದ್ರ ಕೈ ಮುರದ ಇಡ್ತೇನಿ, ರಂಡೇರ್ಯಾ!”

ಮ್ಯಾನೇಜರ ಮಹಾಬಳೇಶ್ವರನ ಕೂಗಿಗೆ ಯಲ್ಲವ್ವ ಚಾಚಿದ ಕೈ ಹಿಂದೆಳೆದುಕೊಂಡಳು. ಫ್ಯಾನಿನ ಸ್ವಿಚ್ಚುಗಳ ಮೇಲೆ ಅವನು ನಿನ್ನೆಯೇ ಟೇಪು ಬಡಿದಿದ್ದ.

ದಾಂಡೇಲಿಯ ಆ ನೋಟ್‌ಬುಕ್ ಶೆಡ್ಡಿನಲ್ಲಿ ಹದಿನಾಲ್ಕು ಹೆಂಗಸರು, ಮೇಲೆ ತಗಡು. ಹಾಳೆ ಮಡಚಿ, ಹೊಲಿದು, ರಟ್ಟು ಅಂಟಿಸುವುದು ಹಳೆಯ ಕೆಲಸ. ಈಗ ಹಿಂಬದಿಗೆ ಹಸಿರು ಚೀಟಿಯೂ ಬರಲಿತ್ತು. ಈ ಪುಸ್ತಕ ತಯಾರಾಗುವಾಗ ಎಷ್ಟು ಗ್ರಾಂ ಇಂಗಾಲ ಗಾಳಿಗೆ ಸೇರಿತೆಂದು ಅದು ಕೊಳ್ಳುವವರಿಗೆ ಹೇಳುತ್ತದೆ. ಸಂಖ್ಯೆ ಸಣ್ಣದಾದಷ್ಟೂ ದೊಡ್ಡ ಶಹರದಲ್ಲಿ ಮಾಲು ಬೇಗ ಹೋಗುತ್ತದೆ. ಶೆಡ್ಡು ಒಂದು ವಾರ ಸುಡುವ ಕರೆಂಟೂ ಆ ಲೆಕ್ಕಕ್ಕೆ ಸೇರುತ್ತದೆ. ಅದನ್ನು ಮೀಟರು ಹಚ್ಚಿ ಅಳೆಯಲು ಹುಬ್ಬಳ್ಳಿಯಿಂದ ಮಧುಮತಿ ಎಂಬ ಹುಡುಗಿ ಬಂದಿದ್ದಳು.

“ನಮ್ಮ ಬೆವರಿಗೂ ಒಂದು ಮೀಟರ ಹಚ್ಚಂತ ಹೇಳ ಆಕೀಗೆ,” ಎಂದು ರೋಷನಬಿ ನಕ್ಕಳು. ಯಲ್ಲವ್ವನಿಗೆ ಹೊಲಿಗೆ ಕಲಿಸಿದವಳು, ಐವತ್ತೆಂಟರ ಹೆಂಗಸು, ಬಿಪಿ ಇದ್ದವಳು. ಎಲ್ಲರ ಮೈಯಲ್ಲೂ ನೀರಿಳಿಯುತ್ತಿದ್ದರೆ ಆಕೆಯ ಹಣೆ ಮಾತ್ರ ಒಣಗಿತ್ತು. ಯಲ್ಲವ್ವ ಮುಟ್ಟಿ ನೋಡಿದಳು. ಕಾದ ಹಂಚು.

“ಫ್ಯಾನ್ ಹಾಕೂದ ಇಲ್ಲೇನ್ರಿ ಸರ್?” ಮಧುಮತಿ ಕೇಳಿದಳು.

“ಕಾಗದ ಹಾರ್ತಾವಂತ ಇವರ ಬ್ಯಾಡ ಅಂತಾರ್ರಿ. ಹೌದಿಲ್ಲೇ, ಯಲ್ಲವ್ವ?”

ಸೂಜಿಗಳೆಲ್ಲ ನಿಂತವು. ನಾಳೆ ಗೇಟಿನೊಳಗೆ ಬಿಡದಿದ್ದರೆ?

“ಹೌದ್ರಿ,” ಎಂದಳು ಯಲ್ಲವ್ವ.

ಮಧುಮತಿ ಬರೆದುಕೊಂಡಳು.

ಹತ್ತು ನಿಮಿಷವೂ ಆಗಿರಲಿಲ್ಲ. “ಸೂಜಿ ಎರಡೆರಡ ಕಾಣಾಕತ್ತಾವಲ್ಲಬೇ,” ಎಂದ ರೋಷನಬಿ ಮಡಚಿದ ಹಾಳೆಗಳ ಮೇಲೆ ಕುಸಿದು ಬಿದ್ದಳು. ಯಂತ್ರಗಳು ನಿಂತವು. ಯಾರೋ ನೀರೆಂದರು, ಯಾರೋ ಆಟೋ ಎಂದು ಓಡಿದರು. ಯಲ್ಲವ್ವ ನೆಟ್ಟಗೆ ಗೋಡೆಗೆ ಹೋಗಿ, ಟೇಪನ್ನು ಉಗುರಿನಿಂದ ಕಿತ್ತು, ಎಂಟೂ ಸ್ವಿಚ್ಚು ಒತ್ತಿದಳು. ಫ್ಯಾನುಗಳು ಗರಗರ ತಿರುಗಿದವು. ಕಾಗದ ಶೆಡ್ಡಿನ ತುಂಬ ಹಾರಿತು.

“ಬಂದ್ ಮಾಡ ಬೋಳಿ!” ಮಹಾಬಳೇಶ್ವರ ಅಂಗಳದಿಂದ ಓಡಿ ಬಂದ.

“ಸಾಯಾಕತ್ತಾಳೋ! ನೀ ಕೈ ಮುರಿ, ನಾ ಬಿಡೂದಿಲ್ಲ!” ಯಲ್ಲವ್ವ ಸ್ವಿಚ್ಚುಗಳಿಗೆ ಬೆನ್ನು ಕೊಟ್ಟು ನಿಂತಳು. ಅವನು ಆಕೆಯನ್ನು ಮುಟ್ಟಲಿಲ್ಲ. ಹೊರಗೆ ಹೋಗಿ ಮೇನ್ ಸ್ವಿಚ್ಚು ಇಳಿಸಿದ.

ಫ್ಯಾನುಗಳು ನಿಧಾನಕ್ಕೆ ನಿಂತವು. ಹೆಂಗಸರು ರಟ್ಟು ಹಿಡಿದು ಗಾಳಿ ಹಾಕತೊಡಗಿದರು. ರೋಷನಬಿ ಕಣ್ಣು ತೆರೆಯಲಿಲ್ಲ. ಆಟೋ ಬಂದಿರಲಿಲ್ಲ.

“ಫ್ಯಾನ್ ಓಡಿದ ಈ ನಾಲ್ಕ ನಿಮಿಷ ಏನ ಮಾಡ್ಲಿರಿ ಸರ್?” ಮಧುಮತಿ ಮೀಟರು ನೋಡಿ ಕೇಳಿದಳು.

“ಲೆಕ್ಕದಾಗಿಂದ ಕಳೀರಿ ಮೇಡಂ. ಇದೇನ ದಿನಾ ನಡಿಯೂದಲ್ಲ.”

ಆಕೆ ಕಳೆದಳು. ಯಂತ್ರಗಳೆಲ್ಲ ನಿಂತಿದ್ದರಿಂದ ಆ ಹೊತ್ತಿನಲ್ಲಿ ಓಡಿದ್ದು ಫ್ಯಾನುಗಳು ಮಾತ್ರ. ಉರಿದ ಕರೆಂಟು 0.04 ಯೂನಿಟ್.