ನಾಲ್ಕು ಬೆರಳು, ಒಂದು ಅರ್ಧ

ಗಾಜಿನ ಮೇಲೆ ಮತ್ತೆ ಅದೇ ಗುರುತು — ನಾಲ್ಕು ಬೆರಳು ಪೂರ್ತಿ, ಒಂದು ಅರ್ಧ — ನಿನ್ನೆ ಸಂಜೆ ಒರೆಸಿಯೇ ಹೋಗಿದ್ದೆ, ಒರೆಸಿದ ಬಟ್ಟೆ ಇಗೋ ಕುರ್ಚಿಯ ಬೆನ್ನಿನ ಮೇಲೆ ಒಣಗಿ ಸೆಟೆದುಕೊಂಡಿದೆ, ಅಂದರೆ ಬೆಳಿಗ್ಗೆ ನಾನು ಬರುವ ಮೊದಲೇ ಬಂದು ನಿಂತಿದ್ದಾರೆ, ಬಾಗಿಲಿಗೆ ಕೈಯಿಟ್ಟು ಇಣುಕಿದ್ದಾರೆ, ಇಣುಕಿದರೆ ಏನು ಕಂಡೀತು, ಹಿಂದೆ ಪೊರಕೆ ಬಕೆಟ್ಟು ಇಡುತ್ತಿದ್ದ ಕೋಣೆ, ಈಗ ಮೂರು ಸಣ್ಣ ಸರ್ವರ್, ಅವನ್ನು ನೋಡಿಕೊಳ್ಳುವ ನನಗೊಂದು ಕುರ್ಚಿ. ಅರ್ಧ ಬೆರಳಿನವರು ಈ ಕಟ್ಟಡದಲ್ಲಿ ಒಬ್ಬರೇ, ರೀಲ್ ಮಾಮ. ಟೇಪನ್ನು ಕತ್ತರಿಸಿ ಅಂಟಿಸುತ್ತಿದ್ದ ಕಾಲದಲ್ಲಿ ಬ್ಲೇಡು ತೋರುಬೆರಳ ತುದಿಯನ್ನೂ ಕತ್ತರಿಸಿಕೊಂಡು ಹೋಯಿತಂತೆ, ಅದನ್ನು ಹೇಳಿ ಅವರೇ ನಗುತ್ತಾರೆ, ಮಿಕ್ಕೋರೆಲ್ಲ ರೀಲು ಬಿಡ್ತಾರೆ ಕಣಮ್ಮ, ನಾನು ರೀಲು ಹಿಡಿದು ಬೆರಳು ಬಿಟ್ಟೆ — ಕಣ್ಣು ಕಾಣದವರಿಗಾಗಿ ಪುಸ್ತಕ ಓದಿಸಿ ಧ್ವನಿ ಹಿಡಿದಿಡುವ ಈ ಸಂಸ್ಥೆಯಲ್ಲಿ ಮೂವತ್ತೊಂದು ವರ್ಷ ರೆಕಾರ್ಡಿಂಗ್ ಮಾಡಿದವರು, ಮುಂದಿನ ತಿಂಗಳು ನಿವೃತ್ತಿ, ಎಲ್ಲರಿಗೂ ಬೇಕಾದ ಮನುಷ್ಯ. ಎಲ್ಲರಿಗೂ ಬೇಕಾದವರನ್ನು ಯಾರೂ ಅನುಮಾನಿಸುವುದಿಲ್ಲ, ಆ ಕೆಲಸಕ್ಕೆ ನಾನಿದ್ದೇನೆ.

ಫ್ಯಾನುಗಳ ಸದ್ದು ಸರಿಯಿದೆ — ಒಂದರದು ಮೊರೆತ, ಇನ್ನೊಂದರದು ತೆಳು ಶಿಳ್ಳೆ, ಮೂರನೆಯದು ಆಗಾಗ ಗಂಟಲು ಕಟ್ಟಿದ ಹಾಗೆ — ಕಣ್ಣು ಮುಚ್ಚಿಕೊಂಡೇ ಯಾವುದಕ್ಕೆ ಧೂಳು ಕೂತಿದೆ ಎಂದು ಹೇಳಬಲ್ಲೆ, ಇದು ಅಪ್ಪ ಕೊಟ್ಟ ಕಿವಿ, ಬೆಳಗಾಗುವ ಹೊತ್ತಿಗೆ ಅಪ್ಪ ದೇವರ ಮುಂದೆ ಕೂತು ಪದ್ಯ ಹೇಳುತ್ತಿದ್ದರು, ನಾನು ಹೊದಿಕೆಯೊಳಗಿನಿಂದ ಕೇಳುತ್ತಿದ್ದೆ, ಅರ್ಥಕ್ಕಿಂತ ಮೊದಲು ಲಯ ಒಳಗಿಳಿದಿತ್ತು, ಒಂದು ಮಾತ್ರೆ ಕಡಿಮೆಯಾದರೂ ಮೆಟ್ಟಿಲು ತಪ್ಪಿದಂತೆ ಗೊತ್ತಾಗುತ್ತಿತ್ತು. ಕೊನೆಕೊನೆಗೆ ಸಾಲು ಮರೆತಾಗ ಅಪ್ಪ ಕೆಮ್ಮುತ್ತಿದ್ದರು, ಕೆಮ್ಮು ಬಂದದ್ದಕ್ಕೇ ಪದ್ಯ ನಿಂತಿತೆಂಬಂತೆ, ಮತ್ತೆ ಮೇಲಿನ ಸಾಲು ಹಿಡಿದು ಬಂದು ಅಲ್ಲಿಗೇ ನಿಂತು ಮತ್ತೆ ಕೆಮ್ಮು, ಅಮ್ಮ ಒಳಗಿಂದ ಬಿಸಿನೀರು ಕೊಡ್ಲಾ ಅನ್ನುತ್ತಿದ್ದಳು, ಅದು ಕೆಮ್ಮಲ್ಲ ಎಂದು ಗೊತ್ತಿದ್ದದ್ದು ನನಗೊಬ್ಬಳಿಗೇ, ತಲೆ ಬಾಚಿಕೊಳ್ಳುತ್ತ ನನ್ನ ಪಾಡಿಗೆ ಗುನುಗುವವಳಂತೆ ಮುಂದಿನ ಸಾಲು ಗುನುಗಿಬಿಡುತ್ತಿದ್ದೆ, ಅಪ್ಪ ಅದನ್ನು ಹಿಡಿದು ಮುಂದಕ್ಕೆ ಹೋಗುತ್ತಿದ್ದರು, ಆ ಬಗ್ಗೆ ನಾವಿಬ್ಬರೂ ಒಂದು ದಿನವೂ ಮಾತಾಡಲಿಲ್ಲ. ಸರ್ವರ್‌ನ ಲಾಗ್ ಕೂಡ ಪದ್ಯದ ಹಾಗೇ, ಸಾಲಿನ ಕೆಳಗೆ ಸಾಲು, ಯಾರು ಬಂದರು, ಎಷ್ಟು ಹೊತ್ತಿಗೆ, ಎಷ್ಟು ಹೊತ್ತು ಇದ್ದರು, ಯಾರು ಪಾಸ್‌ವರ್ಡ್ ತಪ್ಪಿ ಬಾಗಿಲಲ್ಲೇ ಎಡವಿದರು — ಅದರಲ್ಲಿ ರೀಲ್ ಮಾಮನ ಸಾಲು ಮಾತ್ರ ಅತಿ ನೇರ, ದಿನಾ ಹನ್ನೊಂದಕ್ಕೆ ಒಳಗೆ, ಅರ್ಧ ನಿಮಿಷಕ್ಕೆ ಹೊರಗೆ, ಏನೂ ಸೇರಿಸಿಲ್ಲ, ಏನೂ ಅಳಿಸಿಲ್ಲ, ಏನೂ ಒಯ್ದ ಗುರುತಿಲ್ಲ. ಜ್ವರವೆಂದು ರಜೆ ಹಾಕಿದ ದಿನವೂ ಕಿವಿಗೆ ಮಫ್ಲರ್ ಸುತ್ತಿಕೊಂಡು ಬಂದು, ಅರ್ಧ ನಿಮಿಷ ಕೂತು, ಎದ್ದು ಹೋಗಿದ್ದಾರೆ. ಏನೂ ಮಾಡದವರಿಗೆ ದಿನಾ ಬರುವ ದರ್ದೇನು. ಹೆಜ್ಜೆ ಗುರುತೇ ಇಲ್ಲದ ಕಳ್ಳನೇ ಪಳಗಿದ ಕಳ್ಳ.

ಎರಡು ತಿಂಗಳ ಹಿಂದೆ ಸುದ್ದಿ ಬಂತು, ನಮ್ಮ ಧ್ವನಿಪುಸ್ತಕಗಳನ್ನು ಹೊರಗೆ ಯಾರೋ ಮಾರುತ್ತಿದ್ದಾರೆಂದು, ಸಂಸ್ಥೆ ನಡೆಸುವ ಮೇಡಂ ನನ್ನ ಕರೆದು ಬಾಗಿಲು ಹಾಕಿಕೊಂಡು ಹೇಳಿದರು, ಒಳಗಿನೋರೇ ಇರ್ಬೇಕಮ್ಮ, ಬೇಲಿನೇ ಎದ್ದು ಹೊಲ ಮೇಯ್ದ್ರೆ ಯಾರಿಗೆ ಹೇಳೋಣ, ನಿನ್ನ ಹತ್ರ ಅದೇನೋ ಪಟ್ಟಿ ಇರುತ್ತಲ್ಲ, ನೋಡು. ನೋಡಿದೆ. ಐವತ್ತೊಂದು ದಿನದ ಹಿಂದೆ, ಹನ್ನೊಂದೂವರೆಗೆ, ಅವರು ಬಂದು ಹೋದ ಮೇಲೆ, ಒಂದೇ ಒಂದು ಸಾಲು ಟೈಪ್ ಮಾಡಿ ಅವರ ಖಾತೆಗೆ ಬೀಗ ಹಾಕಿದೆ, ಇನ್ನು ಸರಿಯಾದ ಪಾಸ್‌ವರ್ಡ್ ಹೊಡೆದರೂ ತಪ್ಪೆಂದೇ ತೋರಿಸುತ್ತದೆ, ಯಾರಿಗೂ ಹೇಳಲಿಲ್ಲ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳಲಿ ಎಂದು ಕಾದೆ, ಮುಟ್ಟಿ ನೋಡಿಕೊಂಡರು — ಮಾರನೆಯ ದಿನ ಮೂರು ಸಲ ತಪ್ಪು ಪಾಸ್‌ವರ್ಡ್, ಆಮೇಲೆ ಐದು, ಒಂಬತ್ತು, ಒಂದು ದಿನ ಹದಿನಾಲ್ಕು, ನಡುನಡುವೆ ಎರಡು ಮೂರು ನಿಮಿಷದ ಬಿಡುವು, ಯೋಚನೆ ಮಾಡಿ ಮಾಡಿ ಹೊಡೆದಂತೆ. ನೆಟ್ಟಗಿನ ಮನುಷ್ಯನಾದರೆ ಬಂದು ಕೇಳಬೇಕಿತ್ತು, ಏನಮ್ಮ ಇದು ಪಾಸ್‌ವರ್ಡ್ ಹಿಡೀತಿಲ್ವಲ್ಲ ಎಂದು, ಕೇಳಲಿಲ್ಲ, ಬಂದು ಬಾಗಿಲಾಚೆ ನಿಲ್ಲುತ್ತಾರೆ, ಗಾಜಿಗೆ ಕೈ, ಮೆಷಿನ್ನೆಲ್ಲ ಹುಷಾರಾಗಿವೆಯಾ ಮಗಳೇ, ಹುಷಾರಾಗಿವೆ ಮಾಮ, ಡಿಸ್ಕು ತುಂಬಿ ಏನೂ ತೊಂದ್ರೆ ಇಲ್ಲ ತಾನೆ, ಇಲ್ಲ ಮಾಮ, ಸರಿ ಸರಿ, ಇನ್ನೇನೋ ಹೇಳುವವರಂತೆ ನಿಂತು ಒಮ್ಮೆ ಕೆಮ್ಮಿ ಹೋಗುತ್ತಾರೆ, ನಾನು ಬಟ್ಟೆ ತೆಗೆದುಕೊಂಡು ಗುರುತು ಒರೆಸುತ್ತೇನೆ. ಡಿಸ್ಕಿನ ಚಿಂತೆ ಇವರಿಗೇಕೆ. ಡಿಸ್ಕು ತುಂಬದ ಹಾಗೆ ನೋಡಿಕೊಳ್ಳಲು ನನ್ನ ನಿಯಮವಿದೆ, ಇಲ್ಲಿಗೆ ಸೇರಿದ ಮೊದಲ ವಾರವೇ ಬರೆದದ್ದು, ಓದಿ ಮುಗಿಯದ ಪುಸ್ತಕಗಳಿರುವ ‘ಅರೆಬರೆ’ ಫೋಲ್ಡರಿನಲ್ಲಿ ನಲವತ್ತು ದಿನ ಯಾರೂ ಮುಟ್ಟದ ಫೈಲು ಇದ್ದರೆ ತಾನಾಗಿ ಅಳಿಸಿಹಾಕು, ದಿನಾ ಬೆಳಿಗ್ಗೆ ಆರಕ್ಕೆ ಮೆಷಿನ್ನು ಗುಡಿಸಿದ ಹಾಗೆ ಗುಡಿಸುತ್ತದೆ, ಎರಡು ವರ್ಷದಿಂದ ಒಂದು ದೂರಿಲ್ಲ. ಲಾಗ್ ಮುದ್ರಿಸಿಟ್ಟಿದ್ದೇನೆ, ಎರಡು ಹಾಳೆ, ಅವರ ಸಾಲಿಗೆಲ್ಲ ಕೆಂಪು ಗೆರೆ, ಹನ್ನೆರಡಕ್ಕೆ ಮೇಡಂ ಟೇಬಲ್ಲಿಗೆ — ನಿವೃತ್ತಿಗೆ ಮೊದಲೇ ಗೊತ್ತಾಗಲಿ, ಹಾರ ಹಾಕಿದ ಮೇಲೆ ಗೊತ್ತಾದರೆ ಎಲ್ಲರಿಗೂ ಮುಜುಗರ — ಹನ್ನೊಂದು ಇಪ್ಪತ್ತು, ಗಾಜಿನಾಚೆ ನೆರಳು, ಬಂದರು, ಈ ಸಲ ಬಾಗಿಲು ತಳ್ಳಿದರು, ಒಳಗೆ ಯಾರನ್ನೂ ಬಿಡುವುದಿಲ್ಲ ಎಂಬುದೂ ನನ್ನದೇ ನಿಯಮ, ಹೊಸ್ತಿಲಲ್ಲೇ ನಿಂತರು.

ಮಗಳೇ ಒಂದು ಮಾತು, ಯಾರಿಗೂ ಹೇಳ್ಬೇಡ, ನಂಗೆ ಮರೆವು ಶುರುವಾಗಿದೆ. ನಾನು ಹಾಳೆಗಳನ್ನು ಕೀಬೋರ್ಡಿನ ಕೆಳಗೆ ತಳ್ಳಿದೆ, ಇದು ಹೊಸ ಆಟವೇ ಎಂದುಕೊಂಡೆ. ನಮ್ಮಣ್ಣಂಗೂ ಹೀಗೇ ಶುರುವಾಗಿದ್ದು, ಮೊದ್ಲು ಬೀಗದ ಕೈ, ಆಮೇಲೆ ಮಕ್ಕಳ ಹೆಸರು, ನಂಗೆ ಪಾಸ್‌ವರ್ಡ್ ಹೋಯ್ತು ನೋಡು, ದಿನಾ ಹೊಡೀತಿದ್ದದ್ದು, ಬೆರಳಿಗೇ ಗೊತ್ತಿತ್ತು, ಒಂದಿನ ಬೆಳಿಗ್ಗೆ ಇಲ್ಲ, ಐವತ್ತು ದಿನದಿಂದ ನೆನಪು ಮಾಡ್ಕೋತಾ ಇದೀನಿ, ನಮ್ಮನೆಯವಳ ಹೆಸರು, ಹುಟ್ಟಿದ ದಿನ, ಮದುವೆ ದಿನ, ಹಿಂದುಮುಂದು ಮಾಡಿ ಹೊಡೆದೆ, ಡಾಕ್ಟ್ರ ಹತ್ರ ಹೋಗೋಕೆ ಹೆದರಿಕೆ, ನಿನ್ನ ಕೇಳೋಕೆ ನಾಚಿಕೆ. ಜೇಬಿನಿಂದ ಒಂದು ಕಾಗದ ತೆಗೆದರು, ಮಡಿಕೆಯಲ್ಲಿ ಸವೆದು ಹೋದದ್ದು, ಬಿಡಿಸಿದರು, ಎರಡು ವರ್ಷದ ಹಿಂದಿನ ಸೂಚನೆ, ಅರೆಬರೆ ಫೋಲ್ಡರಿನಲ್ಲಿ ಯಾವುದಾದರೂ ಫೈಲು ಉಳಿಯಬೇಕಿದ್ದರೆ ತಿಂಗಳಿಗೊಮ್ಮೆಯಾದರೂ ಕೆಳಗಿನ ಆಜ್ಞೆ ಕೊಟ್ಟು ಅದರ ತಾರೀಕು ಹೊಸದು ಮಾಡಿಕೊಳ್ಳಿ, ಕೆಳಗೆ ಸಹಿ — ನನ್ನದು, ಆ ಅಕ್ಷರದ ಬಾಲ ನನ್ನದೇ. ನೀನು ತಿಂಗಳಿಗೊಮ್ಮೆ ಅಂದಿದ್ದೆ, ನಾನು ದಿನಾ ಮಾಡ್ತಿದ್ದೆ, ಮರೆತುಬಿಟ್ರೆ ಅಂತ. ಯಾವ ಫೈಲು ಮಾಮ. ನಿಮ್ಮತ್ತೆ ಕೊನೇಲಿ ಓದ್ತಿದ್ದದ್ದು ಕಣಮ್ಮ, ಏಳನೇ ಅಧ್ಯಾಯದಲ್ಲಿ ನಿಂತುಹೋಯ್ತು. ಅತ್ತೆಯನ್ನು ನಾನು ಕಂಡಿಲ್ಲ, ನಾನು ಬರುವ ಎರಡು ವರ್ಷ ಮೊದಲೇ ಹೋದವರು, ಧ್ವನಿ ಮಾತ್ರ ಗೊತ್ತು, ಇಲ್ಲಿಯ ನೂರಾರು ಪುಸ್ತಕ ಅವರ ದನಿಯಲ್ಲೇ ಇದೆ, ಹಾಗೆಂದೇ ಹೇಳಿದೆ, ಅಷ್ಟೊಂದು ಪುಸ್ತಕ ಇವೆಯಲ್ಲ ಮಾಮ. ಅದ್ರಲ್ಲೆಲ್ಲ ಓದ್ತಾಳೆ, ಇದ್ರಲ್ಲಿ ನನ್ನ ಹತ್ರ ಮಾತಾಡ್ತಾಳೆ, ಓದ್ತಾ ಓದ್ತಾ ಕೆಮ್ಮು ಬಂತು, ಗಾಜಿನಾಚೆಯಿಂದ ನನ್ನ ನೋಡಿ, ರೀ, ಸ್ವಲ್ಪ ನೀರು ಕೊಡಿ, ಆಮೇಲೆ ಓದ್ತೀನಿ ಅಂದ್ಲು, ಅಷ್ಟೇ, ಮಿಕ್ಕಿದ್ದನ್ನೆಲ್ಲ ನಾನೇ ಈ ಕೈಯಾರ ಕತ್ತರಿಸಿ ತೆಗೆದಿದೀನಿ, ಕೆಮ್ಮು, ನಗು, ರೀ ಅಂದಿದ್ದು, ಎಲ್ಲ ಶುದ್ಧ ಮಾಡಿಬಿಟ್ಟೆ, ಇದೊಂದು ಉಳೀತು. ಮನೆಗೆ ಒಯ್ಯಬಹುದಿತ್ತಲ್ಲ ಮಾಮ. ಸಂಸ್ಥೆಯದಲ್ವೇನಮ್ಮ, ಒಯ್ಯೋ ಹಾಗಿಲ್ಲ, ಕೇಳೋ ಧೈರ್ಯವೂ ಇಲ್ಲ ನಂಗೆ, ಇದೆ ಅಂತ ಗೊತ್ತಿದ್ರೆ ಸಾಕು, ಇವತ್ತು ನೀನೇ ಒಂದ್ಸಲ ನೋಡಿ ತಾರೀಕು ಹೊಸದು ಮಾಡಿಬಿಡು.

ನೋಡುತ್ತಿದ್ದೇನೆ ಮಾಮ — ಹೋದದ್ದೇನೆಂದು ಎರಡು ತಿಂಗಳು ಹುಡುಕಿದೆ, ಉಳಿದದ್ದೇನೆಂದು ಒಂದು ದಿನ ನೋಡಲಿಲ್ಲ — ಫೈಲಿನ ಹೆಸರು ಹೊಡೆದೆ, ಅಂಥ ಫೈಲು ಇಲ್ಲ, ಮತ್ತೆ ಹೊಡೆದೆ, ಅಂಥ ಫೈಲು ಇಲ್ಲ, ಎರಡನೆಯ ಸರ್ವರ್ ಮೊದಲನೆಯದರ ಕನ್ನಡಿ, ಇಲ್ಲಿ ಅಳಿದದ್ದು ಅಲ್ಲೂ ಅಳಿಯಲಿ ಎಂದು ನಾನೇ ಹೇಳಿಕೊಟ್ಟದ್ದು, ಹೇಳಿದ ಮಾತು ಮೀರಿಲ್ಲ, ಮೂರನೆಯದರಲ್ಲಿ ತಿಂಗಳ ಒಂದನೇ ತಾರೀಕಿನ ಪ್ರತಿ ಇರುತ್ತದೆ, ಹಳೆಯದರ ಮೇಲೇ ಹೊಸದು, ಆ ಒಂದನೇ ತಾರೀಕು ಒಂಬತ್ತು ದಿನದ ಹಿಂದೆ, ಫೈಲು ಅಳಿದದ್ದು ಹತ್ತು ದಿನದ ಹಿಂದೆ ಬೆಳಿಗ್ಗೆ ಆರಕ್ಕೆ, ಒಂದು ದಿನ, ಒಂದೇ ದಿನ, ಡಿಸ್ಕಿನ ಜಾಗದಿಂದ ಕೆದಕಿ ತೆಗೆಯೋಣವೆಂದರೆ ನೂರಕ್ಕೆ ತೊಂಬತ್ತನಾಲ್ಕು ಭಾಗ ತುಂಬಿದೆ, ಹತ್ತು ದಿನದಿಂದ ಹೊಸ ದನಿಗಳು ಬಂದು ಆ ದನಿಯ ಮೇಲೆ ಕೂತಿವೆ. ಇದೆಯಾ ಮಗಳೇ. ನಾಲಿಗೆಯ ಮೇಲೆ ಎರಡು ಸಾಲು — ನಿಮಗೆ ಮರೆವಿಲ್ಲ ಮಾಮ, ಬೀಗ ಹಾಕಿದ್ದು ನಾನು — ಅದು ಹೋಯಿತು ಮಾಮ, ಕಳೆದದ್ದೂ ನಾನೇ — ಮೊದಲನೆಯದನ್ನು ಹೇಳಿದರೆ ಎರಡನೆಯದು ಹಿಂದೆಯೇ ಬರುತ್ತದೆ, ಎರಡನ್ನೂ ನುಂಗಿ ಡಿಸ್ಕು ಕೆಟ್ಟಿತೆಂದರೆ ಯಾರು ಪರೀಕ್ಷಿಸುತ್ತಾರೆ, ಲಾಗ್ ನನ್ನ ಕೈಯಲ್ಲಿದೆ, ಬೀಗ ಹಾಕಿದ ಆ ಒಂದು ಸಾಲು ಅಳಿಸಿದರೆ ಮುಗಿಯಿತು, ಇವರು ಮಾತ್ರ ಸಾಯುವವರೆಗೂ ಅಣ್ಣನ ದಾರಿ ಹಿಡಿದೆನೆಂದು ನಡುಗುತ್ತ ಇರುತ್ತಾರೆ, ಬೇಲಿ, ಹೊಲ, ಕೀಬೋರ್ಡಿನ ಕೆಳಗಿಂದ ಕೆಂಪು ಗೆರೆ ಇಣುಕುತ್ತಿದೆ, ಇದೆಯಾ ಅಮ್ಮಾ, ಬಾಯಿ ತೆರೆದೆ, ಮಾತಿನ ಬದಲು ಕೆಮ್ಮು ಬಂತು, ಒಮ್ಮೆ, ಮತ್ತೊಮ್ಮೆ, ಕೆಮ್ಮಲ್ಲದ ಕೆಮ್ಮು, ಈ ಕೆಮ್ಮು ನನಗೆ ಗೊತ್ತು, ಹುಟ್ಟಿದಾಗಿನಿಂದ ಗೊತ್ತು, ಐವತ್ತು ದಿನ ಈ ಬಾಗಿಲಲ್ಲೇ ಕೇಳಿದ್ದೇನೆ, ಒಂದು ಸಲವೂ ಗುನುಗಲಿಲ್ಲ — ಅಯ್ಯೋ ತಡಿ, ನೀರು ತರ್ತೀನಿ ಅಂದು ಬಾಗಿಲೆಳೆದುಕೊಂಡು ಹೋದರು, ಚಪ್ಪಲಿಯ ಸದ್ದು ಓಣಿಯ ಕೊನೆಯವರೆಗೆ, ನಲ್ಲಿಯ ಸದ್ದು, ಬಂದ ಕೂಡಲೇ ಹೇಳಬೇಕು, ಬಂದ ಕೂಡಲೇ, ಯಾವುದನ್ನು ಮೊದಲು, ಬಟ್ಟೆ ಕೈಗೆ ಬಂದಿದೆ, ಒರೆಸಲಾರೆ, ಗಾಜಿನ ಮೇಲೆ ಈಗಷ್ಟೇ ಬಿದ್ದದ್ದು, ಇನ್ನೂ ಹಸಿ, ನಾಲ್ಕು ಬೆರಳು ಪೂರ್ತಿ, ಒಂದು ಅರ್ಧ