ಹಣೆ ನೋಡದ ಕರಿಯವ್ವ

ಗಲ್ ಅಂದವು ಬಳೆ, ಹಂಪ್ ಹಾರಿತಲ್ಲ ಬಸ್ಸು, ಒಡೆದವೇನೋ — ಅನುಸೂಯಾಳ ಕೈ ತಾನಾಗೇ ತೊಡೆಯ ಮೇಲಿನ ರಟ್ಟಿನ ಡಬ್ಬಿಯನ್ನು ಅವುಚಿಕೊಂಡಿತು, ಇಲ್ಲ, ಒಡೆದಿಲ್ಲ, ಬಳೆಗಾರ ಪೇಪರು ಸುತ್ತಿಯೇ ಕೊಟ್ಟಿದ್ದಾನೆ, ಹಸಿರು ಬಳೆ ಎರಡು ಡಜನ್, ಒಡೀಬಾರದು, ಇವತ್ತೊಂದು ದಿನ ಏನೂ ಒಡೀಬಾರದು, ಕಮಲಾಪುರದ ಕೆರೆ ಕಿಟಕಿಗೆ ಬಂತು, ಹೋಯಿತು, ಬೆಳಗಿನ ಬಿಸಿಲು ನೀರಿಗೆ ಬಿದ್ದು ಕಣ್ಣಿಗೆ ಚುಚ್ಚಿತು, ಕಂಪ್ಲಿ ಇನ್ನೆಷ್ಟು ಹೊತ್ತು, ಮುಕ್ಕಾಲು ತಾಸು, ಅಷ್ಟರೊಳಗೆ ಮನಸ್ಸು ಒಂದು ಕಡೆ ನಿಲ್ಲಬೇಕು, ನಿಲ್ಲೋದೇನು ಮಣ್ಣು, ಎಂಟು ವರ್ಷದ ಹಿಂದೇ ತೀರ್ಮಾನ ಆಗಿಹೋಗಿದೆಯಲ್ಲ, ಸಂಡೂರು ರಸ್ತೆಯಲ್ಲಿ ಅದಿರಿನ ಲಾರಿ ಗಂಡ ಹುಲುಗಪ್ಪನ ಬೈಕಿನ ಮೇಲೆ ಹಾದ ದಿನವೇ, ಅವತ್ತಿನಿಂದ ಈ ಕೈ ರೊಟ್ಟಿ ಬಡಿಯೋದಕ್ಕೆ ಬೇಕು, ಐವತ್ತು ಮಂದಿಗೆ ಸಾರು ಕುದಿಸೋದಕ್ಕೆ ಬೇಕು, ಉಡಿ ತುಂಬೋದಕ್ಕೆ ಬ್ಯಾಡ. ಮಗಳು ಹೇಮಾವತಿ ಏಳು ತಿಂಗಳ ಬಸುರಿ, ಇವತ್ತು ಕುಬಸ, ತವರಿನಿಂದ ಹೊರಟದ್ದು ಹಸಿರು ಸೀರೆ, ಖಣ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಕೊಂಬು, ಐದು ಸೇರು ಅಕ್ಕಿ, ಎಲ್ಲಾ ಅವಳೇ ಆರಿಸಿದ್ದು, ಅಕ್ಕಿಯಲ್ಲಿ ಒಂದು ಹರಳಿಲ್ಲದಂತೆ ಮೂರು ಸಲ ಕೇರಿದ್ದು, ಆದರೆ ಮಗಳು ಸೆರಗೊಡ್ಡಿ ಕೂತಾಗ ಆ ಅಕ್ಕಿಯನ್ನು ಬೊಗಸೆಯಲ್ಲಿ ಎತ್ತಿ ಹಾಕುವವಳು ಪಕ್ಕದ ಸೀಟಿನಲ್ಲಿ ಶೇಂಗಾ ಸುಲಿಯುತ್ತ ಕೂತ ತಮ್ಮನ ಹೆಂಡತಿ, ಚಂದ್ರಕಲಾ. ಅಕ್ಕಾ, ನೀ ಏನ್ ತಲಿ ಕೆಡಿಸ್ಕೋಬ್ಯಾಡ, ನಾ ನಿನ್ನ ಹೆಸರಿಲೇನ ತುಂಬ್ತೀನಿ, ನೀ ಅಡಿಗಿ ಮನಿ ಬಾಗಲಾಗ ನಿಂತು ನೋಡಿದ್ರ ಮುಗೀತಿಲ್ಲ? ಆತವ್ವ, ಮುಗೀತು. ಮತ್ತ ಯಾಕ ಮಾರಿ ಹಂಗ್ ಮಾಡೀದಿ, ಯುರೋಪ್ ನೋಡಿ ಬಂದಾಕಿ ನೀನು, ನಾ ಇನ್ನೂ ಹುಬ್ಬಳ್ಳಿ ನೋಡಿಲ್ಲ. ಒಳ್ಳೆಯವಳೇ ಚಂದ್ರಕಲಾ, ಬಾಯಿಗೆ ಮಾತ್ರ ಬಾಗಿಲಿಲ್ಲ, ಶೇಂಗಾ ತಗೋ ಅಂತ ಕೈಗೆ ತುರುಕುತ್ತಾಳೆ, ಬ್ಯಾಡ ಅಂದರೂ ತುರುಕುತ್ತಾಳೆ, ಬಿಸಿ ಇವೆ, ಕೈ ಸುಡುತ್ತದೆ, ಈ ಕೈ.

ಈ ಕೈಯ ವಿಷಯ ಯಾರಿಗೂ ಹೇಳಿಲ್ಲ, ಹೇಳಿದರೆ ಏನಂತಾರೆ, ಹೇಳದಿದ್ದರೆ ಹೊಟ್ಟೆಯೊಳಗೆ ಹಿಟ್ಟು ಹುಳಿ ಬಂದ ಹಾಗೆ ಉಬ್ಬುತ್ತದೆ, ಎಲ್ಲಾ ಆ ಕೊಟ್ರಬಸಪ್ಪನಿಂದ, ಹೊಸಪೇಟೆಯಿಂದ ಜನರನ್ನು ಟೂರಿಗೆ ಕರೆದುಕೊಂಡು ಹೋಗುವವನು, ಅವಳ ಖಾನಾವಳಿಯಲ್ಲಿ ಉಂಡು ಕೈ ತೊಳೆಯುತ್ತ ನಿಂತು, ಅನುಸೂಯಕ್ಕ, ಪಾಸ್‌ಪೋರ್ಟ್ ಮಾಡ್ಸು ಅಂದ, ನಾ ಯಾವ ಊರಿಗಪ್ಪ ಅಂದರೆ, ಇಟಲಿ, ಫ್ರಾನ್ಸು, ಸ್ಪೇನು, ಮೂವತ್ತೆರಡು ಮಂದಿ, ಎಲ್ಲಾ ರಿಟೈರ್ ಆದವರು, ಮೂರ್ ದಿನ ಬ್ರೆಡ್ಡು ತಿಂದ್ರ ನಾಕನೇ ದಿನ ನನ್ನ ತಿಂತಾರ, ಅಡಿಗಿಗೆ ನೀ ಬೇಕು. ಒಂಬೈನೂರು ಕಟಿ ರೊಟ್ಟಿ, ಹತ್ತು ಕಿಲೋ ಶೇಂಗಾ ಚಟ್ನಿ, ಬಸ್ಸಿನ ಹಿಂದೆ ಅಡುಗೆಯ ವ್ಯಾನು, ಹದಿನಾರು ದಿನ, ಏಪ್ರಿಲ್ ತಿಂಗಳು, ಇಲ್ಲಿ ಕಲ್ಲು ಕಾದು ಕೆಂಡ, ಅಲ್ಲಿ ಬೆಳಿಗ್ಗೆ ಬಾಯಿಂದ ಹೊಗೆ. ಮೊದಲನೇ ದಿನ ರೋಮು, ಅಷ್ಟು ದೊಡ್ಡ ಗುಡಿ, ವಿರೂಪಾಕ್ಷನ ಗೋಪುರ ಒಳಗೇ ನಿಂತುಬಿಡಬಹುದೇನೋ ಅನ್ನುವಂಥ ಗುಡಿ, ಅವಳು ಬಾಗಿಲಲ್ಲಿ ಚಪ್ಪಲಿ ಬಿಟ್ಟಳು, ಅಲ್ಲ ಮತ್ತೆ, ದೇವರಿದ್ದಾನೆ ಒಳಗೆ, ಬರಿಗಾಲಲ್ಲಿ ಹೋದಳು, ಹಾಲುಗಲ್ಲು ಮಂಜುಗಡ್ಡೆ, ಕಂಚಿನ ಮುದುಕನೊಬ್ಬ ಕೂತಿದ್ದ, ಅವನ ಬಲಗಾಲು ಮುಟ್ಟಿ ಮುಟ್ಟಿ ಬೆರಳೆಲ್ಲ ಸವೆದು ಒಂದೇ ಆಗಿದೆ, ಅಷ್ಟು ಜನ ಕಾಲಿಗೆ ಬಿದ್ದಿದ್ದಾರೆ ಅಂದರೆ ನಮ್ಮಂಥವರೇ ಇವರೂ ಅನಿಸಿತು, ಹೊರಗೆ ಬಂದರೆ ಚಪ್ಪಲಿ ಇಲ್ಲ, ಕೊಟ್ರಬಸಪ್ಪ ತಲೆ ಚಚ್ಚಿಕೊಂಡ, ಅಕ್ಕಾ, ಹಂಪ್ಯಾಗ ಅವರು ಬೂಟು ಹಾಕ್ಕೊಂಡು ಒಳಗ ಬರ್ತಾರಂತ ನಾವ್ ಬಯ್ತೀವಿ, ಇಲ್ಲಿ ನೀ ಬಿಟ್ಟು ಹೋಗ್ತಿ, ಬಾಂಬ್ ಅಂತ ತಿಳಕೊಂಡು ಪೊಲೀಸರು ಒಯ್ದಾರೇನ. ಬಸ್ಸಿನಲ್ಲಿ ಎಲ್ಲರೂ ನಕ್ಕರು, ಅವಳೂ ನಕ್ಕಳು, ಆದರೆ ಮುಂದಿನ ಊರಲ್ಲೂ ಬಿಟ್ಟಳು, ಕಾಲು ಕೇಳಬೇಕಲ್ಲ, ಅಸ್ಸೀಸಿಯಲ್ಲಿ ಹಕ್ಕಿಗಳ ಜೊತೆ ಮಾತಾಡಿದ ಸಂತನ ಗುಡಿಯ ಮುಂದೆ ಚಪ್ಪಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಂಕುಳಲ್ಲಿ ಇಟ್ಟುಕೊಂಡಳು, ಫ್ರಾನ್ಸಿನ ಲೂರ್ದಿನಲ್ಲೂ ಹಾಗೇ, ಅಲ್ಲಿ ಬಂಡೆಯ ಗವಿಯಲ್ಲಿ ನೀಲಿ ನಡುಪಟ್ಟಿಯ ಅವ್ವ ನಿಂತಿದ್ದಳು, ಗಾಲಿಕುರ್ಚಿಯವರು ಮುಂದೆ, ನಡೆಯುವವರು ಹಿಂದೆ, ಅಲ್ಲಿನ ಪದ್ಧತಿಯೇ ಹಾಗೆ, ಕೈಲಾಗದವರು ಮೊದಲು, ಅದನ್ನು ನೋಡುತ್ತ ಅನಿಸಿತ್ತು, ನಮ್ಮ ಕಡೆ ಯಾರು ಮೊದಲು, ಯಾರು ಹಿಂದೆ, ಯಾರು ಅಡುಗೆಮನೆ ಬಾಗಿಲಲ್ಲಿ.

ಬುಕ್ಕಸಾಗರ, ಬುಕ್ಕಸಾಗರ, ಇಳೀರಿ ಜಲ್ದಿ ಅಂತ ಕಂಡಕ್ಟರ್ ಕೂಗಿದ, ಬಾಳೆಗೊನೆ ಇಳಿಸಿದರು, ಯಾರೋ ಅಜ್ಜಿ ಹತ್ತಿದಳು, ಅಕ್ಕಾ ನಿದ್ದಿ ಹತ್ತಿತೇನು ಅಂತ ಚಂದ್ರಕಲಾ, ಇಲ್ಲವ್ವ, ನಿದ್ದೆ ಎಲ್ಲಿಂದ, ಕಣ್ಣು ಮುಚ್ಚಿದರೆ ಆ ಬೆಟ್ಟ, ಹಲ್ಲು ಹಲ್ಲಾಗಿ ಎದ್ದ ಬಂಡೆಗಳು, ಬಾರ್ಸಿಲೋನಾದಿಂದ ಬಸ್ಸು ಸುತ್ತಿ ಸುತ್ತಿ ಏರಿದ ದಾರಿ, ಮೊಂಟ್ಸೆರಾತ್ ಅಂತ ಹೆಸರು, ಅಲ್ಲಿರುವವಳು ಕರಿಯವ್ವ, ಕೊಟ್ರಬಸಪ್ಪ ಮೈಕಿನಲ್ಲಿ ಹೇಳಿದ, ಮುಖ ಕಪ್ಪು, ಕೈ ಕಪ್ಪು, ಮಡಿಲಲ್ಲಿ ಕೂಸು, ಮಕ್ಕಳಾಗದವರು ಬಂದು ಬೇಡಿಕೊಳ್ತಾರ. ಅನುಸೂಯಾ ಮೈಕಿನ ಕಡೆಗೆ ಬಗ್ಗಿ ಕೇಳಿದಳು, ಹೇಮಾವತಿಯ ಮದುವೆಯಾಗಿ ಆರು ವರ್ಷ, ಎರಡು ಸಲ ನಿಂತು ಎರಡು ಸಲವೂ ಮೂರನೇ ತಿಂಗಳಲ್ಲಿ ಹೋಗಿತ್ತು, ಹೊಸಪೇಟೆ ಬಿಡುವಾಗ ಹುಲುಗಪ್ಪನ ಅವ್ವ, ಅತ್ತೆ ಎರ್ರೆಮ್ಮ ಒಂದು ಗಂಟು ಕೊಟ್ಟಿದ್ದಳು, ಅಕ್ಕಿ, ಖಣ, ಕೊಬ್ಬರಿ, ಐದು ಉತ್ತತ್ತಿ, ಹೆಣ್ಣುದೇವರು ಎದುರಾದ್ರ ಬರಿಗೈಲೆ ನಿಂದ್ರಬ್ಯಾಡ, ಯಾವ ಊರಿನಾಕಿ ಆದ್ರೇನು, ಯಾರರ ಮುತ್ತೈದಿ ಕೈಲೆ ಉಡಿ ತುಂಬಿಸು, ನೀ ತುಂಬಬ್ಯಾಡ ಮತ್ತ. ಗೊತ್ತು ಅತ್ತಿ, ಗೊತ್ತು. ಬಸ್ಸಿನಲ್ಲಿ ಮುತ್ತೈದೆಯರಿಗೇನು ಬರ, ಎಂಜಿನಿಯರ್ ಹೆಂಡತಿ ಶಾಂತಕ್ಕನನ್ನು ಹಿಂದಿನ ದಿನವೇ ಕೇಳಿ ಒಪ್ಪಿಸಿದ್ದಳು, ಆದರೆ ಆ ಸುತ್ತುದಾರಿಯಲ್ಲಿ ಶಾಂತಕ್ಕ ನಾಲ್ಕು ಸಲ ವಾಂತಿ ಮಾಡಿ, ನನ್ನ ಕೈಲಾಗಂಗಿಲ್ಲ ತಂಗೀ, ನೀ ಹೋಗು ಅಂತ ಸೀಟಿನಲ್ಲೇ ಮಲಗಿಬಿಟ್ಟಳು, ಉಳಿದವರು ಆಗಲೇ ಸಾಲಿನಲ್ಲಿ ಮುಂದೆ ಮುಂದೆ, ಫೋಟೋ ತೆಗೆಯುತ್ತ, ಅವಳೊಬ್ಬಳು ಗಂಟು ಹಿಡಿದು ಕೊನೆಗೆ, ಮೆಟ್ಟಿಲು ಏರಿ, ಬಂಗಾರದ ಗೋಡೆ, ಗಂಟೆ, ಹುಡುಗರು ಹಾಡುತ್ತಿದ್ದರು ಕೆಳಗೆಲ್ಲೋ, ಹಾಡು ಕಲ್ಲಿಗೆ ತಾಕಿ ಮೇಲೆ ಬರುತ್ತಿತ್ತು, ಮುಂದೆ ಕರೀ ಬಟ್ಟೆಯ ಒಬ್ಬ ಮುದುಕಿ, ಗಂಡ ಸತ್ತವಳಿರಬೇಕು, ಕೊಟ್ರಬಸಪ್ಪ ಹೇಳಿದ್ದ, ಇಲ್ಲಿ ಹಳೇ ಹೆಂಗಸರು ಕರೀದು ಉಟ್ಟರೆ ಅದೇ ಅರ್ಥ, ಆ ಮುದುಕಿಯನ್ನು ಯಾರೂ ಹಿಂದೆ ಸರಿ ಅನ್ನಲಿಲ್ಲ, ಮೆಟ್ಟಿಲ ಹತ್ತಿರ ಇಬ್ಬರು ಹುಡುಗಿಯರು ತಾವಾಗಿ ದಾರಿ ಬಿಟ್ಟರು, ಅವಳು ಹೋದಳು, ಗಾಜಿನಿಂದ ಹೊರಗೆ ಚಾಚಿದ ಕರಿಯವ್ವನ ಕೈಗೆ, ಕೈಯಲ್ಲಿ ಹಿಡಿದ ಚೆಂಡಿನಂಥ ಗುಂಡಿಗೆ ಮುತ್ತು ಕೊಟ್ಟಳು, ಆಮೇಲೆ ಅನುಸೂಯಾಳ ಪಾಳಿ, ಎದುರಿಗೆ ಕರಿಯವ್ವ, ಎಂಥ ಕಪ್ಪು, ಎಣ್ಣೆ ಹಚ್ಚಿದ ಹಾಗೆ, ನಮ್ಮ ಹುಲಿಗೆಮ್ಮ ದೇವಿಯ ಹಾಗೆ ನೆಟ್ಟ ನೋಟ, ಮಡಿಲಲ್ಲಿ ಕೂಸು, ಮತ್ತೆ ಕೈ ಏನು ಮಾಡಿತೋ, ಅವಳು ಮಾಡಲಿಲ್ಲ, ಕೈ ಮಾಡಿತು, ಗಂಟು ಬಿಚ್ಚಿ ಬೊಗಸೆ ಅಕ್ಕಿ ಎತ್ತಿ ಮಡಿಲಿಗೆ ಅಂತ ಹಾಕಿತು, ಮಡಿಲೆಲ್ಲಿ, ಗಾಜು, ಅಕ್ಕಿ ಗಾಜಿನ ಮೇಲೆ ಜಾರಿ ಸರ್ ಅಂತ ನೆಲಕ್ಕೆ, ಉತ್ತತ್ತಿ ಟಕ್ ಟಕ್, ಕೊಬ್ಬರಿ ಬಟ್ಟಲು ಉರುಳಿ ಉರುಳಿ ಮೆಟ್ಟಿಲಿಳಿದು ಹೋಯಿತು, ಕಾವಲಿನವನು ಓಡಿ ಬಂದ, ಏನೇನೋ ಅಂದ, ಕೊಟ್ರಬಸಪ್ಪ ಕೆಳಗಿನಿಂದ, ಅಕ್ಕಾ, ನನ್ನ ಲೈಸೆನ್ಸ್ ತಗಸ್ತಿಯೇನ, ಅವಳು ಮೊಣಕಾಲೂರಿ ಅಕ್ಕಿ ಬಳಿಯತೊಡಗಿದರೆ ಆ ಕರೀ ಬಟ್ಟೆಯ ಮುದುಕಿಯೂ ತಿರುಗಿ ಬಂದು ಪಕ್ಕದಲ್ಲೇ ಕೂತು ಬಳಿಯತೊಡಗಿದಳು, ನಗುತ್ತ ಏನೋ ಕೇಳಿದಳು, ಯಾರ್ ಮದುವಿ ಅಂತ ಕೇಳ್ತಾಳ ಅಕ್ಕ, ಇವರ ಕಡೆ ಮದುಮಕ್ಕಳ ಮ್ಯಾಲ ಅಕ್ಕಿ ಎರಚ್ತಾರಂತ, ಅಂದ ಮೆಟ್ಟಿಲೇರಿ ಬಂದ ಕೊಟ್ರಬಸಪ್ಪ. ಏನು ಹೇಳಬೇಕು, ಮಗಳಿಗೆ ಅಂದಳು ಅನುಸೂಯಾ ಕನ್ನಡದಲ್ಲೇ, ಮಗಳಿಗವ್ವ, ಅಂತ ಹೊಟ್ಟೆ ಮುಟ್ಟಿ ತೋರಿಸಿದಳು, ಮುದುಕಿ ಅವಳ ಎರಡೂ ಕೆನ್ನೆಗೆ ಮುತ್ತು ಕೊಟ್ಟು, ಒಂದು ಉತ್ತತ್ತಿ ಎತ್ತಿ ತನ್ನ ಚೀಲಕ್ಕೆ ಹಾಕಿಕೊಂಡು ಹೋದಳು.

ಮುಂದಿನ ತಿಂಗಳೇ ಹೇಮಾವತಿ ಫೋನು ಮಾಡಿದಳು, ಅವ್ವಾ, ನಿಂತೈತಿ. ಹೊಸಪೇಟೆ ಡಾಕ್ಟರಮ್ಮನ ಗುಳಿಗೆ ಅಂತ ಅಳಿಯ, ಹುಲಿಗೆಮ್ಮ ಅಂತ ಎರ್ರೆಮ್ಮ, ಅವಳು ಬಾಯಿ ಬಿಡಲಿಲ್ಲ, ಒಳಗೆ ಮಾತ್ರ ಅವತ್ತಿನಿಂದ ಇಲಿ ಕೆರೆದ ಹಾಗೆ, ಕರಿಯವ್ವ ತಗೊಂಡಳು ಅಂದಮೇಲೆ ಈ ಕೈಯಲ್ಲಿ ಏನು ದೋಷ, ಅಂತ ಒಂದು ಸಲ, ಅಲ್ಲ, ನಾನು ಗಂಡ ಸತ್ತವಳು ಅಂತ ಆಕೆಗೆ ಗೊತ್ತಿತ್ತೇ, ಅಂತ ಅದರ ಹಿಂದೆಯೇ, ಆಕೆಗೆ ಹೆಂಗ ಗೊತ್ತಾಗಬೇಕು, ಅಲ್ಲಿ ಯಾರ ಹಣೆಯಲ್ಲೂ ಕುಂಕುಮ ಇಲ್ಲ, ಗಂಡ ಇದ್ದವಳದೂ ಬರೀ ಹಣೆ, ಇಲ್ಲದವಳದೂ ಬರೀ ಹಣೆ, ಕರೀ ಸೀರೆಯನ್ನಾದರೂ ಉಟ್ಟಿದ್ದೆಯಾ, ಇಲ್ಲ, ಹಳದಿ ಹೂವಿನ ಪಾಲಿಸ್ಟರ್, ಕರಿಯವ್ವ ಮುತ್ತೈದೆ ಅಂತ ತಿಳಿದು ತಗೊಂಡಿದ್ದರೆ, ಮೋಸ ಮಾಡಿದೆನಲ್ಲ, ದೇವರಿಗೆ, ಅದೂ ಪರದೇಶದ ದೇವರಿಗೆ, ಆ ಮೋಸ ಯಾರ ಮೇಲೆ ತಿರುಗುತ್ತದೆ, ಹೊಟ್ಟೆಯಲ್ಲಿರುವುದರ ಮೇಲೆ, ಮೂರನೇ ತಿಂಗಳು ಮುಗಿಯುವ ತನಕ ಅವಳು ಫೋನು ಬಂದರೆ ಬೆಚ್ಚುತ್ತಿದ್ದಳು, ಏಳು ಆಯಿತು, ಇನ್ನೂ ಎರಡು ಉಳಿದಿವೆ, ಟೂರಿನ ಕೊನೆಗೆ, ಸ್ಪೇನಿನ ಆಚೆ, ಫಾತಿಮಾ ಅನ್ನುವ ಊರಿನ ಅವ್ವನ ಗುಡಿಯಲ್ಲಿ ಹೆಂಗಸರು ಬಿಳೀ ಹಾದಿಯಲ್ಲಿ ಮೊಣಕಾಲಲ್ಲಿ ನಡೆಯುತ್ತಿದ್ದರು, ನಮ್ಮಲ್ಲಿ ಮಲಗಿ ಎದ್ದು ದೀಡ ನಮಸ್ಕಾರ ಹಾಕುವ ಹಾಗೆ, ಅವಳೂ ಹತ್ತು ಮಾರು ನಡೆದಿದ್ದಳು, ತಪ್ಪಾಯ್ತು ತಾಯಿ ಅಂತ, ಕರಿಯವ್ವ ಬೇರೆ ಈ ಅವ್ವ ಬೇರೆಯೋ, ಇಬ್ಬರೂ ಒಬ್ಬಳೇಯೋ, ಈಕೆಗೆ ಹೇಳಿದ್ದು ಆಕೆಗೆ ಮುಟ್ಟಿತೋ, ಯಾರನ್ನು ಕೇಳುವುದು. ಹೊಟ್ಟೆ ತುಂಬಾ ಆಸೆ, ಅದೂ ಸುಳ್ಳಲ್ಲ, ಒಂದು ಬೊಗಸೆ, ಒಂದೇ ಒಂದು ಬೊಗಸೆ ಮಗಳ ಉಡಿಗೆ ಹಾಕಬೇಕು, ಹೆತ್ತ ಕೈಯಲ್ಲವೇ, ಹಾಕಿ ಏನಾದರೂ ಆದರೆ, ಹಾಕಬ್ಯಾಡ, ಹಿಂದೆ ನಿಲ್ಲು, ಬಾಗಿಲಲ್ಲಿ ನಿಲ್ಲು.

ಕಂಪ್ಲಿ ಬಂತಕ್ಕ, ಏಳು, ಚೀಲ ನಾ ಹಿಡೀತೀನಿ. ಕಬ್ಬಿನ ಟ್ರ್ಯಾಕ್ಟರ್, ರಸ್ತೆಯ ತುಂಬಾ ಒಣಹಾಕಿದ ಭತ್ತ, ಆಟೋದವನು ಭತ್ತ ತಪ್ಪಿಸಿ ತಪ್ಪಿಸಿ ಓಡಿಸಿದ, ಹೇಮಾವತಿಯ ಅತ್ತೆ ತಾಯಕ್ಕ ಬಾಗಿಲಲ್ಲೇ ನಿಂತು, ಬರ್ರಿ ಬೀಗ್ತೇರ, ಬರ್ರಿ, ಬಿಸಲಾಗ ಬಂದೀರಿ, ಕುಂದ್ರಿ, ನೀರು ತಗೋರಿ, ಕಡುಬು ನೀವ ಮಾಡೀರೇನು, ನಿಮ್ಮ ಕೈ ರುಚಿ ಬಿಡ್ರಿ. ಕೈ ರುಚಿ. ಅನುಸೂಯಾ ಅಡುಗೆಮನೆ ಬಾಗಿಲಿಗೆ ಹೋಗಿ ನಿಂತಳು, ಯಾರೂ ಹೇಳಲಿಲ್ಲ, ಕಾಲು ತಾನೇ ಹೋಯಿತು, ಅಲ್ಲಿಂದ ಮಣೆ ಕಾಣುತ್ತಿತ್ತು, ಹಸಿರು ಸೀರೆ ಕಾಣುತ್ತಿತ್ತು, ಮಗಳ ಮುಖದಲ್ಲಿ ತುಸು ಬಾವು, ಕಾಲಲ್ಲೂ ಇದೆಯೇನೋ, ಉಪ್ಪು ಕಮ್ಮಿ ಮಾಡು ಅಂದಿದ್ದೆ, ಹೇಮಾವತಿ ಸೆರಗು ಎರಡೂ ಕೈಯಲ್ಲಿ ಹಿಡಿದು ಮುಂದೆ ಒಡ್ಡಿದಳು, ಮುತ್ತೈದೇರು ಬರ್ರವ್ವ ಅಂತ ತಾಯಕ್ಕ, ತಾನೇ ಮೊದಲು ಹಾಕಿದಳು, ಓಣಿಯ ಮೂವರು ಹಾಕಿದರು, ಹೆಸರು ಹೇಳು ಅಂತ ಒಬ್ಬಳು ಕಾಡಿದಳು, ಹೇಮಾವತಿ ಗಂಡನ ಹೆಸರು ಹೇಳಿ ನಾಚಿದಳು, ಎಲ್ಲರೂ ಹೋ ಅಂದರು, ಐದನೆಯವಳು ಚಂದ್ರಕಲಾ, ನಿಮ್ಮವ್ವನ ಪಾಲಿಂದು ನೋಡವ್ವ ಇದು ಅಂತ ದೊಡ್ಡದಾಗಿ ಅಂದು ಹಾಕಿದಳು, ಅಕ್ಕಿ ಅಕ್ಕಿಯ ಮೇಲೆ ಬಿದ್ದ ಸದ್ದು ಬಾಗಿಲ ತನಕ ಬಂತು, ಮುಗಿಯಿತು, ಆಯಿತು, ಏನೂ ಆಗಲಿಲ್ಲ, ಒಳ್ಳೇದೇ ಆಯಿತು. ಉಡಿ ಕಟಗೋ ಹೇಮಾ, ದೇವ್ರಿಗೆ ಶರಣು ಮಾಡು ಅಂದಳು ತಾಯಕ್ಕ. ಹೇಮಾವತಿ ಕಟ್ಟಿಕೊಳ್ಳಲಿಲ್ಲ. ಕಟಗೋ ತಂಗಿ, ಭಾರ ಆಗ್ತೈತಿ. ಇನ್ನೊಬ್ರು ಉಳದಾರತ್ತಿ. ಯಾರು, ಐದು ಮಂದಿ ಆತಲ್ಲ? ನಮ್ಮವ್ವ. ಎಲ್ಲಾ ಒಟ್ಟಿಗೆ ಬಾಯಿ ಹಾಕಿದರು, ಏ ಹುಚ್ಚಿ, ಹೊಟ್ಟ್ಯಾಗಿಂದು ನೆನಸು, ಹಂಗೆಲ್ಲ ಮಾಡಬಾರದವ್ವ, ತಾಯಕ್ಕ ಇತ್ತ ತಿರುಗಿದಳು, ಸಿಟ್ಟಿಲ್ಲ ಮುಖದಲ್ಲಿ, ಹೆದರಿಕೆ, ಬೀಗ್ತೇರ, ನೀವರ ಹೇಳ್ರಿ ನಿಮ್ಮ ಮಗಳಿಗೆ. ಹೇಳಬೇಕು, ಹೇಳುತ್ತೇನೆ, ಬ್ಯಾಡ ಮಗಳ ಅಂತ, ಎರಡೇ ಮಾತು, ಬಾಯಿ ತೆರೆದಳು ಅನುಸೂಯಾ, ಹೇಮಾವತಿ ತಾಯಕ್ಕನನ್ನು ನೋಡುತ್ತಿಲ್ಲ, ಓಣಿಯವರನ್ನು ನೋಡುತ್ತಿಲ್ಲ, ನೇರ ಇತ್ತಲೇ ನೋಡುತ್ತಿದ್ದಾಳೆ, ಹಣೆಯನ್ನೇ, ಎಂಟು ವರ್ಷದಿಂದ ಬರಿದಾಗಿರುವ ಹಣೆಯನ್ನು, ಈಕೆಗೆ ಗೊತ್ತು, ಆ ದಿನ ನನ್ನ ಬಳೆ ಒಡೆಯುವಾಗ ಕೈ ಹಿಡಿದುಕೊಂಡು ಬಿಡದವಳು ಇವಳೇ, ಎಲ್ಲಾ ಗೊತ್ತು ಈಕೆಗೆ, ಯಾವುದನ್ನೂ ಮುಚ್ಚಿಲ್ಲ, ಇಲ್ಲಿ ಮೋಸ ಇಲ್ಲ, ತಿಳಿದೂ ತಿಳಿದೂ ಒಡ್ಡಿದ್ದಾಳೆ, ಬಾರವ್ವ, ಕೈ ನೋಯಾಕತ್ತೈತಿ ಅಂತಾಳೆ, ನೋಯುತ್ತದೆ, ಐದು ಬೊಗಸೆ ಅಕ್ಕಿಯ ಭಾರ, ಕೊಬ್ಬರಿಯ ಭಾರ, ಹೊಟ್ಟೆಯ ಭಾರ, ಎರಡು ಹೆಜ್ಜೆ, ಮೂರು, ಬಾಗಿಲು ಹಿಂದೆ ಉಳಿಯಿತು, ಪರಾತದ ಅಕ್ಕಿ ತಣ್ಣಗಿದೆ, ಬೆರಳು ಒಳಗೆ ಹೋದವು, ಮಣಿಕಟ್ಟಿನ ತನಕ, ಬೊಗಸೆ ತುಂಬಿತು, ಅಂಚಿನಿಂದ ಎರಡು ಕಾಳು, ನಾಲ್ಕು ಕಾಳು ಉದುರಿದವು, ಯಾರೋ ಏನೋ ಅನ್ನುತ್ತಿದ್ದಾರೆ, ಕೇಳುತ್ತಿಲ್ಲ, ಎದುರಿಗೆ ಹಸಿರು ಸೆರಗು, ಎರಡು ಕೈ, ತೆರೆದ ಉಡಿ, ಮಗಳ ಉಡಿ, ತೆರೆದೇ ಇದೆ, ಉಡಿ —